ಮಧ್ಯಾಹ್ನದವರೆಗೂ ಮುಖ ಕೆಡದ ಪ್ರಾಣಿ ಸ್ಯಾಂಡ್‌ವಿಚ್: ಮಕ್ಕಳ ಊಟದ ಡಬ್ಬಿಗೆ

“ಬೆಳಗ್ಗೆ ಮುದ್ದಾದ ಮೊಲ ಮಾಡಿ ಕಳಿಸಿದ್ದೆ. ಮಧ್ಯಾಹ್ನ ಡಬ್ಬಿ ತೆಗೆದಾಗ ಕಿವಿ ಒಂದು ಕಡೆ ಬಿದ್ದಿತ್ತಂತೆ, ಕಣ್ಣು ಮುಚ್ಚಳಕ್ಕೆ ಅಂಟಿಕೊಂಡಿತ್ತಂತೆ. ಏನು ಮಾಡಲಿ?” ಪ್ರಾಣಿಗಳ ಆಕಾರದ ಸ್ಯಾಂಡ್‌ವಿಚ್ ಮಾಡಲು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ. ಅದರ ಹಿಂದೆಯೇ ಇನ್ನೆರಡು ಪ್ರಶ್ನೆ ಬರುತ್ತವೆ. ಕಟ್ಟರ್ (ಬ್ರೆಡ್ ಮೇಲೆ ಒತ್ತಿ ಆಕಾರ ಕತ್ತರಿಸುವ ಅಚ್ಚು) ಇಲ್ಲದೆ ಆಗುತ್ತಾ? ಬೆಳಗ್ಗೆ ಅಷ್ಟೊಂದು ಹೊತ್ತು ಎಲ್ಲಿಂದ ತರೋದು?

ಮೂರಕ್ಕೂ ಇಲ್ಲಿ ಉತ್ತರ ಇದೆ. ಅದಕ್ಕೂ ಮೊದಲು ಒಂದು ಮಾತು. ತಟ್ಟೆಯಲ್ಲಿಡುವ ಸ್ಯಾಂಡ್‌ವಿಚ್ಚೇ ಬೇರೆ, ಡಬ್ಬಿಗೆ ಹಾಕುವ ಸ್ಯಾಂಡ್‌ವಿಚ್ಚೇ ಬೇರೆ. ತಟ್ಟೆಯಲ್ಲಿಟ್ಟು ತಕ್ಷಣ ಕೊಡುವುದಾದರೆ ಹೇಗೆ ಮಾಡಿದರೂ ನಡೆಯುತ್ತದೆ. ಡಬ್ಬಿ ಬ್ಯಾಗಿನೊಳಗೆ ಅಡ್ಡ ಬೀಳುತ್ತದೆ, ಮಗು ಓಡಿದರೆ ಕುಲುಕುತ್ತದೆ, ಮೂರ್ನಾಲ್ಕು ಗಂಟೆ ಮುಚ್ಚಿಕೊಂಡೇ ಇರುತ್ತದೆ. ಆದ್ದರಿಂದ ಯಾವ ಬ್ರೆಡ್, ಯಾವ ಹೂರಣ, ಯಾವ ಪ್ರಾಣಿ ಅಂತ ಯೋಚಿಸುವಾಗೆಲ್ಲ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮಗು ಮುಚ್ಚಳ ತೆಗೆಯುವ ಹೊತ್ತಿಗೆ ಇದು ಹೇಗಿರುತ್ತದೆ?

ಏನೇನು ಬೇಕು

ಬ್ರೆಡ್, ಬೆಣ್ಣೆ, ಚೀಸ್ ಸ್ಲೈಸ್, ಒಂದು ಕ್ಯಾರೆಟ್, ಒಂದು ಸೌತೆಕಾಯಿ, ಒಂದು ಹಿಡಿ ಒಣದ್ರಾಕ್ಷಿ. ಉಪಕರಣ ಅಂದರೆ ಲಟ್ಟಣಿಗೆ, ಹಲ್ಲಿರುವ ಬ್ರೆಡ್ ಚಾಕು, ಅಡುಗೆಗೇ ಅಂತ ಇಟ್ಟ ಕತ್ತರಿ, ಒಂದು ಸ್ಟ್ರಾ, ಬಟರ್ ಪೇಪರ್ (ಎಣ್ಣೆ, ನೀರು ಹೀರದ ಅಡುಗೆ ಕಾಗದ), ಒಂದೆರಡು ಹಲ್ಲುಕಡ್ಡಿ. ಹಲ್ಲುಕಡ್ಡಿ ನಿಮ್ಮ ಕೈಕೆಲಸಕ್ಕೆ ಮಾತ್ರ. ಅದು ಡಬ್ಬಿಯೊಳಗೆ ಹೋಗಬಾರದು.

ಕಟ್ಟರ್ ಬೇಕೇ ಬೇಕು ಅಂತಿಲ್ಲ. ತೆಗೆದುಕೊಳ್ಳುವುದಾದರೆ ಎರಡು ವಿಷಯ ನೋಡಿ. ಒಂದು, ಅಂಚು ತೆಳ್ಳಗೆ ಹರಿತವಾಗಿರಬೇಕು. ದಪ್ಪ ಅಂಚಿನ ಪ್ಲಾಸ್ಟಿಕ್ ಕಟ್ಟರ್ ಬ್ರೆಡ್ಡನ್ನು ಕತ್ತರಿಸುವ ಬದಲು ಜಜ್ಜುತ್ತದೆ. ಇನ್ನೊಂದು, ಆಕಾರದಲ್ಲಿ ಸಪೂರ ಭಾಗ ಇರಬಾರದು. ಜಿರಾಫೆಯ ಕಾಲು, ಆನೆಯ ಸೊಂಡಿಲು ನೋಡಲು ಆಸೆ ಹುಟ್ಟಿಸುತ್ತವೆ, ಆದರೆ ಮುರಿಯುವುದು ಅವೇ. ಯಾವ ಭಾಗವೂ 2 ಸೆಂ.ಮೀ.ಗಿಂತ ಕಿರಿದಾಗದಂತೆ ನೋಡಿಕೊಳ್ಳಿ.

ಹಂತ 1: ಪ್ರಾಣಿಯನ್ನು ಆರಿಸಿಕೊಳ್ಳಿ

ಮಕ್ಕಳು ಪ್ರಾಣಿಯನ್ನು ಗುರುತು ಹಿಡಿಯುವುದು ಮುಖ್ಯವಾಗಿ ಕಿವಿಯಿಂದ. ಒಂದು ದುಂಡು ಮುಖಕ್ಕೆ ಉದ್ದ ಕಿವಿ ಇಟ್ಟರೆ ಮೊಲ, ಮೂಲೆ ಕಿವಿ ಇಟ್ಟರೆ ಬೆಕ್ಕು, ಗುಂಡು ಕಿವಿ ಇಟ್ಟರೆ ಕರಡಿ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಇಡೀ ದೇಹ ಮಾಡಲು ಹೋಗಬೇಡಿ, ಮುಖ ಸಾಕು.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಬೆಕ್ಕು. ಬ್ರೆಡ್ ಹೇಗೂ ಚೌಕ. ಮೇಲಿನ ಅಂಚಿನ ನಡುವೆ ಒಂದು ತಗ್ಗು ಕತ್ತರಿಸಿ ತೆಗೆದರೆ ಎರಡು ಮೂಲೆಗಳೇ ಕಿವಿ ಆಗಿಬಿಡುತ್ತವೆ. ಕೆಳಗಿನ ಎರಡು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿದರೆ ಗಲ್ಲ. ಕೈ ಕುದುರಿದ ಮೇಲೆ ಇದಕ್ಕೆ ಐದು ನಿಮಿಷವೂ ಬೇಡ, ಬ್ರೆಡ್ಡೂ ಪೋಲಾಗುವುದಿಲ್ಲ.

ಈ ಪೋಲಿನ ಲೆಕ್ಕ ಸುಮಾರು ಜನ ಹಾಕಿ ನೋಡುವುದೇ ಇಲ್ಲ. 11 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲದ ಸ್ಲೈಸ್ ಅಂದರೆ 121 ಚದರ ಸೆಂ.ಮೀ. ಅದರಲ್ಲಿ 7.5 ಸೆಂ.ಮೀ. ಅಡ್ಡಳತೆಯ ದುಂಡು ಕತ್ತರಿಸಿದರೆ ಆ ದುಂಡಿಗೆ ಸಿಗುವುದು ಸುಮಾರು 44 ಚದರ ಸೆಂ.ಮೀ. ಅಂದರೆ ಮಗುವಿನ ಡಬ್ಬಿಗೆ ಹೋಗುವುದು ಸ್ಯಾಂಡ್‌ವಿಚ್ಚಿನ ಮೂರರಲ್ಲಿ ಒಂದು ಭಾಗಕ್ಕಿಂತ ಚೂರು ಜಾಸ್ತಿ, ಅಷ್ಟೇ. ನೋಡಲು ಒಂದು ಇಡೀ ಸ್ಯಾಂಡ್‌ವಿಚ್ ಥರವೇ ಕಾಣುತ್ತದೆ, ಮಗು ಮಾತ್ರ ಹಸಿದುಕೊಂಡೇ ಮನೆಗೆ ಬರುತ್ತದೆ. ಚಿಕ್ಕ ಆಕಾರ ಕತ್ತರಿಸುವುದಾದರೆ ಎರಡು ಮಾಡಿ, ಇಲ್ಲವೇ ಅಂಚಿನ ತುಂಡುಗಳನ್ನೂ ಹೂರಣ ಸಮೇತ ಡಬ್ಬಿಗೆ ಹಾಕಿ.

ಏನೂ ಪೋಲಾಗಬಾರದು ಅನ್ನುವವರಿಗೆ ಚಿಟ್ಟೆ ಇದೆ. ಸ್ಯಾಂಡ್‌ವಿಚ್ಚನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ಎರಡು ತ್ರಿಕೋನ ಮಾಡಿ. ಎರಡರಲ್ಲೂ ಉದ್ದ ಬದಿಗೆ ಎದುರಿರುವ ಮೂಲೆಗಳು ಎದುರುಬದುರಾಗುವಂತೆ ಇಟ್ಟರೆ ರೆಕ್ಕೆ ಸಿದ್ಧ. ನಡುವೆ ಸೌತೆಕಾಯಿಯ ಉದ್ದ ಹೋಳು ಇಟ್ಟರೆ ಮೈ. ಉದ್ದನೆಯ ಡಬ್ಬಿ ಇದ್ದರೆ ಕಂಬಳಿಹುಳು ಇನ್ನೂ ಸುಲಭ: 4 ಸೆಂ.ಮೀ.ನ ನಾಲ್ಕೈದು ಪುಟ್ಟ ದುಂಡುಗಳನ್ನು ಸಾಲಾಗಿ ಒತ್ತಿ ನಿಲ್ಲಿಸಿದರೆ ಆಯಿತು. ಒಂದೊಂದೂ ಪುಟ್ಟ ಕೈಗೆ ಸರಿಹೊಂದುವ ಅಳತೆ, ಆದ್ದರಿಂದ ತೀರಾ ಚಿಕ್ಕ ಮಕ್ಕಳಿಗೆ ನನ್ನ ಮೊದಲ ಆಯ್ಕೆ ಇದೇ.

ಹಂತ 2: ಬ್ರೆಡ್ ಸಿದ್ಧ ಮಾಡಿಕೊಳ್ಳಿ

ಅವತ್ತೇ ತಂದ ಮೆತ್ತನೆಯ ಬ್ರೆಡ್ ತಿನ್ನಲು ರುಚಿ, ಕತ್ತರಿಸಲು ಕಷ್ಟ. ಚಾಕು ತಾಗಿದ ಕೂಡಲೇ ಕುಗ್ಗುತ್ತದೆ, ಅಂಚು ಹರಿದ ಬಟ್ಟೆಯ ಥರ ಆಗುತ್ತದೆ. ಒಂದು ದಿನ ಹಳೆಯದು ಬಿಗಿಯಾಗಿರುತ್ತದೆ, ಅಂಚು ನೀಟಾಗಿ ಬರುತ್ತದೆ. ತಾಜಾ ಬ್ರೆಡ್ಡೇ ಇರುವುದಾದರೆ ಸ್ಲೈಸುಗಳನ್ನು ಹತ್ತು ಹದಿನೈದು ನಿಮಿಷ ಫ್ರೀಜರಿನಲ್ಲಿಟ್ಟು ತೆಗೆಯಿರಿ. ಚೂರು ಗಟ್ಟಿಯಾಗಿ ಚಾಕುವಿಗೆ ಸಿಗುತ್ತದೆ.

ಹಾಗಂತ ಬ್ರೆಡ್ ಪ್ಯಾಕೆಟ್ಟನ್ನು ಫ್ರಿಜ್ಜಿನಲ್ಲಿಟ್ಟು ಹಳತು ಮಾಡಬೇಡಿ. ಬ್ರೆಡ್ ಒರಟಾಗುವುದು ಬರೀ ನೀರು ಆರಿಹೋಗಿ ಅಲ್ಲ. ಬೇಯುವಾಗ ಮೆತ್ತಗಾದ ಗಂಜಿಯ ಅಂಶ (ಪಿಷ್ಟ ಅನ್ನುತ್ತಾರಲ್ಲ, ಅದು) ನಿಧಾನವಾಗಿ ಮತ್ತೆ ಗಟ್ಟಿಯಾಗುತ್ತಾ ಹೋಗುತ್ತದೆ. ಫ್ರಿಜ್ಜಿನ ತಂಪಿನಲ್ಲಿ ಇದು ಹೊರಗಿಗಿಂತ ಬೇಗ ಆಗುತ್ತದೆ. ಫ್ರೀಜರಿನಲ್ಲಿ ಪೂರ್ತಿ ಹೆಪ್ಪುಗಟ್ಟಿದರೆ ಈ ಕೆಲಸ ನಿಂತುಹೋಗುತ್ತದೆ. ಅದಕ್ಕೇ ಬ್ರೆಡ್ ಇಡುವುದಾದರೆ ಹೊರಗೆ ಅಥವಾ ಫ್ರೀಜರಿನಲ್ಲಿ.

ಈಗ ಸ್ಲೈಸಿನ ಮೇಲೆ ಲಟ್ಟಣಿಗೆಯನ್ನು ಒಂದೇ ಸಲ, ಹಗುರವಾಗಿ ಉರುಳಿಸಿ. ರೊಟ್ಟಿ ಲಟ್ಟಿಸುವಷ್ಟು ಭಾರ ಬೇಡ. ದಪ್ಪ ಕಾಲು ಭಾಗ ಕಡಿಮೆಯಾದರೆ ಸಾಕು. ಇದರಿಂದ ಕಿವಿ, ಬಾಲದಂಥ ಭಾಗಗಳು ಮುರಿಯುವುದು ತುಂಬಾ ಕಡಿಮೆಯಾಗುತ್ತದೆ.

ಟೋಸ್ಟ್ ಮಾಡಬಹುದಾ ಅಂತ ಕೇಳುತ್ತೀರಿ. ಮಾಡಬಹುದು, ಆದರೆ ಹೂರಣ ಬರುವ ಒಳಮೈಯನ್ನು ಮಾತ್ರ ಕಾವಲಿಗೆ ತಾಗಿಸಿ. ಹೊರಮೈ ಮೆತ್ತಗೇ ಇರಲಿ. ಎರಡೂ ಕಡೆ ಸುಟ್ಟರೆ ಮಧ್ಯಾಹ್ನಕ್ಕೆ ರಬ್ಬರಿನಂತಾಗಿ ಮಕ್ಕಳಿಗೆ ಕಚ್ಚಲು ಆಗುವುದಿಲ್ಲ. ಬಿಸಿ ಪೂರ್ತಿ ಆರಿದ ಮೇಲೆಯೇ ಮುಂದಿನ ಕೆಲಸ. ಬಿಸಿಬಿಸಿ ಮುಚ್ಚಿದರೆ ಹಬೆ ಮುಚ್ಚಳದಿಂದ ನೀರಾಗಿ ಇಳಿದು ಮುಖದ ಮೇಲೇ ಬೀಳುತ್ತದೆ.

ಹಂತ 3: ಹೂರಣ

ಹೆಚ್ಚಿನ ಸ್ಯಾಂಡ್‌ವಿಚ್ಚುಗಳು ಕೆಡುವುದು ಇಲ್ಲೇ. ಕಾರಣ ನೀರು. ಸೌತೆಕಾಯಿ, ಟೊಮೆಟೊ ಎರಡರಲ್ಲೂ ನೂರಕ್ಕೆ ಸುಮಾರು 95 ಭಾಗ ನೀರೇ. ಮೇಲೆ ಉಪ್ಪು ಚಿಮುಕಿಸಿದರೆ ಆ ನೀರೆಲ್ಲ ಹೊರಗೆ ಬರುತ್ತದೆ. ಬ್ರೆಡ್ ಅದನ್ನು ಹೀರಿಕೊಂಡು ಮೆತ್ತಗಾಗುತ್ತದೆ, ಆಮೇಲೆ ಮೊಲದ ಕಿವಿ ಎತ್ತಿದರೆ ಕೈಗೇ ಬರುತ್ತದೆ.

ಅದಕ್ಕೆ ಮೊದಲ ಉಪಾಯ ಬೆಣ್ಣೆ. ರುಚಿಗೆ ಅಂತ ನಡುವೆ ಒಂದಿಷ್ಟು ಹಚ್ಚಿದರೆ ಪ್ರಯೋಜನವಿಲ್ಲ. ಎರಡೂ ಸ್ಲೈಸಿನ ಒಳಮೈಗೆ, ಅಂಚಿನಿಂದ ಅಂಚಿನವರೆಗೆ, ಒಂದು ಚೂರೂ ಬಿಡದೆ ತೆಳ್ಳಗೆ ಸವರಿ. ಜಿಡ್ಡಿನ ಪದರ ನೀರನ್ನು ಒಳಗೆ ಬಿಡುವುದಿಲ್ಲ. ಕ್ರೀಮ್ ಚೀಸ್ (ಬೆಣ್ಣೆಯಂತೆ ಸವರಬಹುದಾದ ಮೆತ್ತನೆಯ ಚೀಸ್), ಪೀನಟ್ ಬಟರ್ (ಕಡಲೆಕಾಯಿ ಅರೆದು ಮಾಡಿದ್ದು) ಕೂಡ ಇದೇ ಕೆಲಸ ಮಾಡುತ್ತವೆ.

ಎರಡನೆಯದು, ಹೂರಣವೇ ಒಣಗಿರಲಿ. ಡಬ್ಬಿಗೆ ಚೆನ್ನಾಗಿ ಹೊಂದುವ ಕೆಲವು ಹೇಳುತ್ತೇನೆ. ಎಲ್ಲಕ್ಕಿಂತ ಸುಲಭ ಚೀಸ್ ಸ್ಲೈಸ್. ಕ್ಯಾರೆಟ್ ತುರಿದು, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ, ಅಷ್ಟೇ ಅಳತೆಯ ಕ್ರೀಮ್ ಚೀಸಿಗೆ ಕಲಸಿದರೆ ಒಂದು ಸ್ಯಾಂಡ್‌ವಿಚ್ಚಿಗೆ ತಲಾ ಒಂದು ದೊಡ್ಡ ಚಮಚ ಸಾಕು. ಬೇಯಿಸಿದ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಹಿಚುಕಿ ಬೆಣ್ಣೆ, ಉಪ್ಪು ಹಾಕಿದರೆ ಅದೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬೆಣ್ಣೆಯ ಜೊತೆ ಹಿಚುಕಬಹುದು. ಮಗುವಿಗೆ ಸೌತೆಕಾಯಿಯೇ ಇಷ್ಟ ಅಂದರೆ ನಡುವಿನ ಬೀಜದ ಭಾಗ ತೆಗೆದು, ತೆಳ್ಳಗೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಬೆಣ್ಣೆ ಹಚ್ಚಿದ ಎರಡು ಪದರದ ನಡುವೆ ಇಡಿ. ಉಪ್ಪು ಬೇಡ. ಟೊಮೆಟೊವನ್ನು ಒಳಗೆ ಇಡಲೇಬೇಡಿ, ಬೇಕಿದ್ದರೆ ಪಕ್ಕದ ಖಾನೆಯಲ್ಲಿ ಹಾಕಿ.

ಹೂರಣದ ದಪ್ಪ ಅರ್ಧ ಸೆಂ.ಮೀ. ದಾಟದಿರಲಿ. ಮಗುವಿನ ಹೊಟ್ಟೆ ತುಂಬಲಿ ಅಂತ ಪ್ರೀತಿಯಿಂದ ಜಾಸ್ತಿ ತುಂಬುತ್ತೇವೆ. ಆಗ ಕಚ್ಚಿದ ಕೂಡಲೇ ಅದು ಪಕ್ಕಕ್ಕೆ ಬಂದು ಬಟ್ಟೆಗೆ ಬೀಳುತ್ತದೆ.

ಈಗ ಗಂಭೀರವಾದ ಎರಡು ಎಚ್ಚರಿಕೆ.

ಕೆಲವು ಮಕ್ಕಳಿಗೆ ಕಡಲೆಕಾಯಿ, ಎಳ್ಳು, ಮೊಟ್ಟೆ, ಹಾಲಿನ ಪದಾರ್ಥ ಇವುಗಳಲ್ಲಿ ಯಾವುದಾದರೂ ಒಂದು ಮೈಗೆ ಆಗುವುದಿಲ್ಲ. ಅಲರ್ಜಿ ಅನ್ನುವುದು ಇದನ್ನೇ. ಬರೀ ತುರಿಕೆ ಏಳುವುದರಿಂದ ಹಿಡಿದು ಉಸಿರು ಕಟ್ಟುವವರೆಗೂ ಹೋಗಬಹುದು. ನಿಮ್ಮ ಮಗುವಿಗೆ ಏನೂ ತೊಂದರೆ ಇಲ್ಲದಿರಬಹುದು. ಆದರೆ ಚೆಂದದ ಸ್ಯಾಂಡ್‌ವಿಚ್ ಕಂಡರೆ ಪಕ್ಕದ ಮಗುವೂ ಕೈ ಚಾಚುತ್ತದೆ, ಅಲ್ವಾ? ಎಷ್ಟೋ ಶಾಲೆಗಳಲ್ಲಿ ಕಡಲೆಕಾಯಿ ತರಬಾರದು ಅನ್ನುವ ನಿಯಮವೇ ಇದೆ. ಪೀನಟ್ ಬಟರ್ ಹಾಕುವ ಮುಂಚೆ ಶಿಕ್ಷಕರನ್ನು ಒಂದು ಮಾತು ಕೇಳಿಬಿಡಿ.

ಎರಡನೆಯದು ತಂಪು. ಮೊಟ್ಟೆ, ಕೋಳಿ, ಮೀನು, ಮಯೋನೀಸ್ ಕಲಸಿದ ಹೂರಣ ಇವನ್ನು ಹೊರಗಿನ ಶಾಖದಲ್ಲಿ 2 ಗಂಟೆಗಿಂತ ಜಾಸ್ತಿ ಇಡಬಾರದು. ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ 1 ಗಂಟೆಯೇ ಮಿತಿ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಶಾಖದಲ್ಲಿ ಆಹಾರದಲ್ಲಿನ ಬ್ಯಾಕ್ಟೀರಿಯಾ ಬೇಗ ಬೇಗ ಹೆಚ್ಚುತ್ತವೆ. ಡಬ್ಬಿಯ ಜೊತೆ ಐಸ್ ಪ್ಯಾಕ್ (ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ತಂಪಿನ ಚೀಲ) ಇಟ್ಟು, ಶಾಖ ತಡೆಯುವ ಬ್ಯಾಗಿನಲ್ಲಿ ಕಳಿಸುವುದಾದರೆ ಮಾತ್ರ ಈ ಹೂರಣಗಳಿಗೆ ಕೈ ಹಾಕಿ. ಇಲ್ಲವಾದರೆ ಪೀನಟ್ ಬಟರ್, ಜಾಮ್‌ನಂಥವು ವಾಸಿ.

ಹಂತ 4: ಕತ್ತರಿಸುವುದು

ಮೊದಲು ಹೂರಣ ಹಾಕಬೇಕಾ, ಮೊದಲು ಕತ್ತರಿಸಬೇಕಾ? ಚೀಸ್ ಸ್ಲೈಸಿನಂಥ ಹಾಳೆ ಹೂರಣವಾದರೆ ಸ್ಯಾಂಡ್‌ವಿಚ್ ಪೂರ್ತಿ ಮಾಡಿ, ಅಂಗೈಯಿಂದ ಒತ್ತಿ, ಆಮೇಲೆ ಕತ್ತರಿಸಿ. ಮೂರೂ ಪದರ ಒಂದೇ ಅಳತೆಗೆ ಬರುತ್ತವೆ. ಹಿಚುಕಿದ ಅಥವಾ ತುರಿದ ಹೂರಣವಾದರೆ ಬ್ರೆಡ್ ಮೊದಲು ಕತ್ತರಿಸಿ. ಆಮೇಲೆ ಹೂರಣವನ್ನು ಅಂಚಿನಿಂದ ಅರ್ಧ ಸೆಂ.ಮೀ. ಒಳಗೇ ನಿಲ್ಲಿಸಿ ಹರಡಿ.

ಬಿಡಿಯಾಗಿ ಕತ್ತರಿಸುವಾಗ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಒಂದಿದೆ. ಬಲಕ್ಕೆ ಮುಖ ಮಾಡಿದ ಮೀನು ಅಂದುಕೊಳ್ಳಿ. ಎರಡು ಸ್ಲೈಸಿನಲ್ಲೂ ಒಂದೇ ಕಟ್ಟರಿನಿಂದ ಒಂದೇ ಥರ ಒತ್ತಿ, ಎರಡರ ಮೇಲ್ಮೈಗೂ ಬೆಣ್ಣೆ ಹಚ್ಚಿ, ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟರೆ ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬರುತ್ತದೆ. ಬೆಣ್ಣೆ ಹಚ್ಚುವ ಮುಂಚೆಯೇ ಎರಡನೆಯ ತುಂಡನ್ನು ಮಗುಚಿ ಇಟ್ಟುಕೊಳ್ಳಿ. ಅದರ ಅಡಿಭಾಗವೇ ಈಗ ಹೂರಣದ ಬದಿ. ಮೊಲ, ಬೆಕ್ಕು, ಕರಡಿಯ ಮುಖಗಳು ಎಡ ಬಲ ಒಂದೇ ಥರ ಇರುವುದರಿಂದ ಅವಕ್ಕೆ ಈ ತಾಪತ್ರಯ ಇಲ್ಲ.

ಕಟ್ಟರ್ ಒತ್ತುವಾಗ ತಿರುಗಿಸಬೇಡಿ. ಅಂಗೈಯನ್ನು ಮೇಲಿಟ್ಟು ನೇರವಾಗಿ ಕೆಳಗೆ ಒತ್ತಿ, ಹಲಗೆ ತಾಗಿದ ಮೇಲೆ ಒಂದು ಎಳೆಯಷ್ಟು ಅತ್ತಿತ್ತ ಅಲ್ಲಾಡಿಸಿ. ಸುತ್ತಲಿನ ಬ್ರೆಡ್ಡನ್ನು ಮೊದಲು ಬಿಡಿಸಿ, ಆಮೇಲೆ ಕಟ್ಟರ್ ಎತ್ತಿ. ಕಿವಿಯ ತುದಿ ಒಳಗೆ ಸಿಕ್ಕಿಕೊಂಡಿದ್ದರೆ ಎಳೆಯಬೇಡಿ, ಹಲ್ಲುಕಡ್ಡಿಯ ಮೊಂಡು ಬದಿಯಿಂದ ಮೆಲ್ಲಗೆ ತಳ್ಳಿ.

ಕಟ್ಟರ್ ಇಲ್ಲದವರಿಗೆ ಕಾಗದದ ಅಚ್ಚು. ಮೊಲವನ್ನೇ ತೆಗೆದುಕೊಳ್ಳೋಣ. ಬಟರ್ ಪೇಪರನ್ನು ಸ್ಲೈಸಿನ ಅಳತೆಗೆ ಕತ್ತರಿಸಿ, ನಡುವೆ ಮಡಚಿ. ಮಡಿಕೆಯನ್ನು ಮುಖದ ನಡುಗೆರೆ ಅಂದುಕೊಂಡು ಒಂದು ಬದಿಯ ಅರ್ಧ ಮುಖ ಮತ್ತು ಒಂದು ಕಿವಿ ಬರೆಯಿರಿ. ಮುಖದ ಎತ್ತರ 6.5 ಸೆಂ.ಮೀ., ಅದರ ಮೇಲೆ ಕಿವಿ 4 ಸೆಂ.ಮೀ., ಕಿವಿಯ ಅಗಲ 2 ಸೆಂ.ಮೀ. ಗೆರೆಯ ಮೇಲೆ ಕತ್ತರಿಸಿ ಬಿಡಿಸಿದರೆ ಎರಡೂ ಕಡೆ ಒಂದೇ ಸಮ ಇರುವ ಮೊಲ ಸಿಗುತ್ತದೆ. ಗೆರೆಯನ್ನು ಕಾಗದದ ಒಂದೇ ಬದಿಗೆ ಎಳೆಯಿರಿ, ಆ ಬದಿ ಬ್ರೆಡ್ಡಿಗೆ ತಾಗದಂತೆ ಮೇಲೆ ಬರಲಿ.

ಇಲ್ಲಿ ಗಮನಿಸಿ, ಕಿವಿ ಮತ್ತು ಮುಖ ಒಂದೇ ತುಂಡು. ಕಿವಿಯನ್ನು ಬೇರೆ ಕತ್ತರಿಸಿ ಆಮೇಲೆ ಅಂಟಿಸುವವರ ಮೊಲಕ್ಕೇ ಡಬ್ಬಿಯಲ್ಲಿ ಕಿವಿ ಬಿದ್ದುಹೋಗುವುದು. ಅಚ್ಚನ್ನು ಸ್ಯಾಂಡ್‌ವಿಚ್ ಮೇಲಿಟ್ಟು, ಎಡಗೈಯ ಎರಡು ಬೆರಳಿನಿಂದ ಹಿಡಿದು, ಚಾಕುವನ್ನು ಮೇಲೆ ಕೆಳಗೆ ಗರಗಸದಂತೆ ಆಡಿಸುತ್ತಾ ಸುತ್ತ ಬನ್ನಿ. ಎರಡು ಕಿವಿಯ ನಡುವಿನ ಸಂದು ಚಾಕುವಿಗೆ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ಕತ್ತರಿಯ ತುದಿಯಿಂದ ಎರಡು ಕಚ್ಚು ಹಾಕಿ. ಸಂದನ್ನು ತೀರಾ ಆಳಕ್ಕೆ ಇಳಿಸಬೇಡಿ, ಕಿವಿಯ ಬುಡ ಅಗಲವಾಗಿದ್ದಷ್ಟೂ ಗಟ್ಟಿ.

ಹಂತ 5: ಮುಖ

ಮೊದಲು ಕಣ್ಣು ಎಲ್ಲಿಡಬೇಕು ಅನ್ನುವುದು. ಹೆಚ್ಚಿನವರು ಮುಖದ ಮೇಲರ್ಧದಲ್ಲಿ ಇಡುತ್ತಾರೆ. ಆಗ ಮೊಲ ದೊಡ್ಡವರ ಥರ ಗಂಭೀರವಾಗಿ ಕಾಣುತ್ತದೆ. ಮುಖದ ನಡುಗೆರೆಗಿಂತ ಚೂರು ಕೆಳಗೆ, ಒಂದಕ್ಕೊಂದು ದೂರ ಇಟ್ಟು ನೋಡಿ. ತಕ್ಷಣ ಮರಿಯ ಮುಖ ಬರುತ್ತದೆ. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1943ರಲ್ಲಿ ಇದರ ಬಗ್ಗೆ ಬರೆದಿದ್ದರು: ದೊಡ್ಡ ಹಣೆ, ಕೆಳಗೆ ಕೂತ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ಕಂಡರೆ ನಮಗೆ ಮುದ್ದು ಉಕ್ಕುತ್ತದೆ. ಒಣದ್ರಾಕ್ಷಿ ಒಂದು ಸೆಂ.ಮೀ. ಕೆಳಗಿಳಿದರೆ ಆಗುವ ಬದಲಾವಣೆಯನ್ನು ನೀವೇ ಒಮ್ಮೆ ಮಾಡಿ ನೋಡಬೇಕು.

ಇಟ್ಟ ಕಣ್ಣು ಅಲ್ಲೇ ಉಳಿಯುವುದು ಹೇಗೆ? ಒಣದ್ರಾಕ್ಷಿಯನ್ನು ಇಡಿಯಾಗಿ ಇಟ್ಟರೆ ಉರುಳುತ್ತದೆ. ಉದ್ದಕ್ಕೆ ಎರಡು ಸೀಳು ಮಾಡಿ. ಒಳಗಿನ ಅಂಟಂಟು ಬದಿ ಕೆಳಗೆ ಬರುವಂತೆ ಇಟ್ಟು ಒತ್ತಿ. ಇನ್ನೂ ಗಟ್ಟಿ ಬೇಕಿದ್ದರೆ, ಬ್ರೆಡ್ಡಿನ ಆ ಜಾಗವನ್ನು ಬೆರಳ ತುದಿಯಿಂದ ಒತ್ತಿ ಸಣ್ಣ ಗುಳಿ ಮಾಡಿ, ಸಾಸಿವೆ ಕಾಳಿನಷ್ಟು ಕ್ರೀಮ್ ಚೀಸ್ ಹಾಕಿ, ಅದರೊಳಗೆ ಕೂರಿಸಿ. ಗುಳಿಯಲ್ಲಿ ಕೂತ ಕಣ್ಣು ಮುಚ್ಚಳಕ್ಕೂ ತಾಗುವುದಿಲ್ಲ.

ಚೀಸಿನಿಂದ ಬಿಳಿ ಕಣ್ಣು, ಮೂತಿ ಮಾಡುವುದಾದರೆ ಸ್ಲೈಸ್ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಿರಲಿ. ಬಿಸಿಯಾದರೆ ಬೆರಳಿಗೇ ಮೆತ್ತುತ್ತದೆ. ಬಟರ್ ಪೇಪರ್ ಮೇಲಿಟ್ಟು ಸ್ಟ್ರಾ ಒತ್ತಿ ತಿರುಗಿಸಿದರೆ ಪುಟ್ಟ ಬಿಲ್ಲೆ ಸ್ಟ್ರಾದೊಳಗೆ ಬರುತ್ತದೆ, ಇನ್ನೊಂದು ತುದಿಯಿಂದ ಹಲ್ಲುಕಡ್ಡಿ ತೂರಿಸಿ ಹೊರಗೆ ತಳ್ಳಿ. ಸ್ಟ್ರಾವನ್ನು ಬೆರಳಲ್ಲಿ ಅದುಮಿ ಹಿಡಿದು ಒತ್ತಿದರೆ ಬಾದಾಮಿ ಆಕಾರ ಬರುತ್ತದೆ, ಬೆಕ್ಕಿನ ಕಣ್ಣಿಗೆ ಸರಿ. ಕರಡಿಯ ಮೂತಿಗೆ ಬಾಟಲಿಯ ಮುಚ್ಚಳ ತೊಳೆದು ಬಳಸಿ. ಬೇರೆ ಆಕಾರಗಳನ್ನು ಹಲ್ಲುಕಡ್ಡಿಯ ಚೂಪು ತುದಿಯಿಂದಲೇ ಗೆರೆ ಎಳೆದು ಕತ್ತರಿಸಬಹುದು. ಚೀಸಿಗೆ ಚಾಕುವಿಗಿಂತ ಅದೇ ಚೆನ್ನಾಗಿ ಒಗ್ಗುತ್ತದೆ.

ಮೊಲದ ಮೂಗಿಗೆ ಕ್ಯಾರೆಟ್ಟಿನ ಪುಟ್ಟ ತ್ರಿಕೋನ. ಮೀಸೆಗೆ ಸೌತೆಕಾಯಿಯ ಹಸಿರು ಸಿಪ್ಪೆಯನ್ನು ದಾರದಂತೆ ಸೀಳಿಕೊಳ್ಳಿ. ಮೀಸೆಯನ್ನು ಸುಮ್ನೆ ಮೇಲೆ ಇಟ್ಟರೆ ನಿಲ್ಲುವುದಿಲ್ಲ. ಚಾಕುವಿನ ತುದಿಯಿಂದ ಬ್ರೆಡ್ಡಿಗೆ ಸಣ್ಣ ಸೀಳು ಕೊಟ್ಟು, ಒಂದು ತುದಿಯನ್ನು ಅರ್ಧ ಸೆಂ.ಮೀ. ಒಳಕ್ಕೆ ತೂರಿಸಿ. ನಾನು ಇದನ್ನು ಕಂಡುಕೊಂಡ ಮೇಲೆ ಮೀಸೆ ಕಳೆದುಕೊಂಡ ಮೊಲ ಒಂದೂ ಮನೆಗೆ ಬಂದಿಲ್ಲ.

ಬೀಟ್‌ರೂಟ್ ಬಣ್ಣ ಚೆಂದ ಅಂತ ಮುಖಕ್ಕೆ ಹಾಕಬೇಡಿ. ಒಂದು ಗಂಟೆಯಲ್ಲೇ ಕೆಂಪು ಸುತ್ತ ಹರಡಿಕೊಂಡು ಮುಖಕ್ಕೆ ಗಾಯ ಆದಂತೆ ಕಾಣುತ್ತದೆ. ಸೇಬು ಕೂಡ ಕತ್ತರಿಸಿ ಇಟ್ಟರೆ ಕಂದಾಗುತ್ತದೆ. ಗಾಳಿ ತಾಗಿದಾಗ ಅದರಲ್ಲಿರುವ ಒಂದು ಕಿಣ್ವ ಮಾಡುವ ಕೆಲಸ ಅದು. ಹೋಳುಗಳ ಮೇಲೆ ನಿಂಬೆರಸ ಸವರಿದರೆ ಆ ಕೆಲಸ ನಿಧಾನವಾಗುತ್ತದೆ. ಇಡೀ ಕಾಳುಮೆಣಸನ್ನು ಕಣ್ಣಿಗೆ ಇಡುವವರಿದ್ದಾರೆ, ದಯವಿಟ್ಟು ಬೇಡ. ಮಗು ಅದನ್ನು ಕಚ್ಚಿಯೇ ಕಚ್ಚುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಮಾಡುವವರು ಇದನ್ನು ಖಂಡಿತ ಓದಿ. ದುಂಡಗೆ, ಗಟ್ಟಿಯಾಗಿ, ಜಾರುವಂತೆ ಇರುವ ಯಾವುದೇ ಆಹಾರ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಇಡೀ ದ್ರಾಕ್ಷಿ, ಇಡೀ ಚೆರ್ರಿ ಟೊಮೆಟೊ, ಇಡೀ ಬೀಜಗಳು, ಹಸಿ ಕ್ಯಾರೆಟ್ಟಿನ ದಪ್ಪ ಬಿಲ್ಲೆ, ಇವನ್ನು ಕಣ್ಣು ಮೂಗಿಗೆ ಬಳಸಬೇಡಿ. ದ್ರಾಕ್ಷಿ, ಟೊಮೆಟೊಗಳನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಪಕ್ಕದಲ್ಲಿ ಇಡಬಹುದು. ಕ್ಯಾರೆಟ್ಟನ್ನು ಮೆತ್ತಗೆ ಬೇಯಿಸಿ ಅಥವಾ ತುರಿದು ಹಾಕಿ. ಒಣದ್ರಾಕ್ಷಿಯನ್ನು ಇನ್ನೂ ಸಣ್ಣಗೆ ಹೆಚ್ಚಿ. ಭಾಗಗಳನ್ನು ನಿಲ್ಲಿಸಲು ಹಲ್ಲುಕಡ್ಡಿ, ಚೂಪು ತುದಿಯ ಪ್ಲಾಸ್ಟಿಕ್ ಕಡ್ಡಿ ಚುಚ್ಚಿ ಕಳಿಸುವ ರೂಢಿಯೂ ಇದೆ. ಮಗು ಊಟ ಮಾಡುವಾಗ ನೀವು ಪಕ್ಕದಲ್ಲಿ ಇರುವುದಿಲ್ಲ, ಅದಕ್ಕೇ ನಾನು ಯಾವ ವಯಸ್ಸಿನ ಮಕ್ಕಳ ಡಬ್ಬಿಗೂ ಅವನ್ನು ಹಾಕುವುದಿಲ್ಲ.

ಹಂತ 6: ಡಬ್ಬಿಗೆ ಹಾಕುವುದು

ಡಬ್ಬಿ ಆಳವಾಗಿದ್ದಷ್ಟೂ ಸ್ಯಾಂಡ್‌ವಿಚ್ ಒಳಗೆ ಪಲ್ಟಿ ಹೊಡೆಯುತ್ತದೆ. ಒಳಗಿನ ಆಳ 4ರಿಂದ 5 ಸೆಂ.ಮೀ. ಇರುವ ಅಗಲ ಡಬ್ಬಿ ಒಳ್ಳೆಯದು. ಮೊದಲು ಸ್ಯಾಂಡ್‌ವಿಚ್ ಇಡಿ, ಆಮೇಲೆ ಸುತ್ತಲಿನ ಖಾಲಿ ಜಾಗವನ್ನೆಲ್ಲ ತುಂಬಿ: ಹಣ್ಣಿನ ಹೋಳು, ಬ್ರೆಡ್ಡಿನ ಅಂಚಿನ ತುಂಡು, ಬೇಯಿಸಿದ ತರಕಾರಿ. ಸಂದು ಇಲ್ಲದಿದ್ದರೆ ಅಲ್ಲಾಟವೂ ಇಲ್ಲ. ಪಸೆ ಇರುವ ಹಣ್ಣನ್ನು ಮಾತ್ರ ಪುಟ್ಟ ಬಟ್ಟಲಿನಲ್ಲಿಟ್ಟು ಬ್ರೆಡ್ಡಿಗೆ ತಾಗದಂತೆ ಮಾಡಿ.

ಮುಚ್ಚುವ ಮುಂಚೆ ಮುಖದ ಮೇಲೆ ಬಟರ್ ಪೇಪರಿನ ಒಂದು ಹಾಳೆ ಇಡಿ. ಮುಚ್ಚಿದ ಮೇಲೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಕುಲುಕಿ. ಸದ್ದು ಬಂದರೆ ಇನ್ನೂ ಜಾಗ ಖಾಲಿ ಇದೆ ಅಂತ ಅರ್ಥ. ಮತ್ತೆ ತೆಗೆದು ತುಂಬಿ. ಹೊಸ ಪ್ರಾಣಿ ಮಾಡುವಾಗ ಒಂದು ರಜೆಯ ದಿನ ಇದೇ ಡಬ್ಬಿಯನ್ನು ಬ್ಯಾಗಿನಲ್ಲಿ ಹಾಕಿ, ಮನೆಯಲ್ಲೇ ನಾಲ್ಕು ಗಂಟೆ ಬಿಟ್ಟು ತೆಗೆದು ನೋಡಿ. ಬೆಳಗ್ಗೆ ಕಾಣದ ತಪ್ಪು ಆಗ ಕಾಣುತ್ತದೆ.

ಹಿಂದಿನ ರಾತ್ರಿ ಎಷ್ಟು ಮಾಡಿಡಬಹುದು?

ಬೆಣ್ಣೆ, ಚೀಸಿನ ಸ್ಯಾಂಡ್‌ವಿಚ್ಚಾದರೆ ರಾತ್ರಿಯೇ ಕತ್ತರಿಸಿ, ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಗಾಳಿ ಆಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಒಂದು ರಾತ್ರಿಗೆ ಏನೂ ಆಗುವುದಿಲ್ಲ. ಚೀಸಿನ ಕಣ್ಣು, ಮೂತಿಯನ್ನೂ ಕತ್ತರಿಸಿ ಬೇರೆ ಇಡಬಹುದು. ಅಂಟಿಸುವುದು ಮಾತ್ರ ಬೆಳಗ್ಗೆ. ರಾತ್ರಿಯೇ ಅಂಟಿಸಿದರೆ ಸುತ್ತಿದ ಕಾಗದಕ್ಕೆ ಹತ್ತಿಕೊಳ್ಳುತ್ತವೆ.

ವಾರಕ್ಕೆಲ್ಲ ಆಗುವಷ್ಟು ಬೇಕು ಅಂದರೆ ಹೂರಣ ಇಲ್ಲದ ಬರೀ ಬ್ರೆಡ್ ಆಕಾರಗಳನ್ನು ಕತ್ತರಿಸಿ, ನಡುನಡುವೆ ಕಾಗದ ಇಟ್ಟು ಫ್ರೀಜರಿನಲ್ಲಿಡಿ. ಬೆಳಗ್ಗೆ ಹೆಪ್ಪುಗಟ್ಟಿದ್ದಾಗಲೇ ಬೆಣ್ಣೆ ಹಚ್ಚುವುದು ಸುಲಭ, ಊಟದ ಹೊತ್ತಿಗೆ ತಾನೇ ಮೆತ್ತಗಾಗಿರುತ್ತದೆ. ಬೇಯಿಸಿದ ಮೊಟ್ಟೆ, ಮಯೋನೀಸ್, ಸೌತೆಕಾಯಿ ಹಾಕಿದ್ದನ್ನು ಫ್ರೀಜ್ ಮಾಡಬೇಡಿ. ಮೊಟ್ಟೆಯ ಬಿಳಿ ರಬ್ಬರಿನಂತಾಗುತ್ತದೆ, ಮಯೋನೀಸ್ ಒಡೆದು ಎಣ್ಣೆ ಬಿಡುತ್ತದೆ, ಸೌತೆಕಾಯಿ ನೀರಾಗುತ್ತದೆ.

ಉಳಿದ ತುಂಡುಗಳು

ದೊಡ್ಡ ಅಂಚುಗಳು ಡಬ್ಬಿಯ ಸಂದು ತುಂಬಲು ಹೋದವು. ಕಂದು ಅಂಚಿನ ಉದ್ದ ಪಟ್ಟಿ ಸಿಂಹಕ್ಕೆ ಕೇಸರ ಆಗುತ್ತದೆ: ಪುಟ್ಟ ಪುಟ್ಟದಾಗಿ ಕತ್ತರಿಸಿ ದುಂಡು ಮುಖದ ಸುತ್ತ ಎರಡು ಸ್ಲೈಸಿನ ನಡುವೆ ತೂರಿಸಿ, ಹೂರಣ ಹಿಡಿದುಕೊಳ್ಳುತ್ತದೆ. ಇನ್ನೂ ಉಳಿದದ್ದನ್ನು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಗರಿಗರಿ ಮಾಡಿ ಸೂಪಿಗೆ ಹಾಕಿ, ಅಥವಾ ಒಣಗಿಸಿ ಪುಡಿ ಮಾಡಿ ಕಟ್ಲೆಟ್ಟಿಗೆ ಇಟ್ಟುಕೊಳ್ಳಿ. ಹೂರಣ ತಾಗಿದ ತುಂಡಾದರೆ ಅವತ್ತೇ ಮುಗಿಸಿ.

ಸಂಜೆ ಡಬ್ಬಿ ವಾಪಸ್ ಬಂದಾಗ ತೊಳೆಯುವ ಮುಂಚೆ ಒಮ್ಮೆ ಒಳಗೆ ನೋಡಿ. ಮುಚ್ಚಳಕ್ಕೆ ಚೀಸ್ ಮೆತ್ತಿದ್ದರೆ ಸ್ಯಾಂಡ್‌ವಿಚ್ ಎತ್ತರ ಜಾಸ್ತಿಯಾಗಿದೆ. ಅಡಿಯಲ್ಲಿ ನೀರು ಇದ್ದರೆ ಬಿಸಿ ಆರುವ ಮುಂಚೆ ಮುಚ್ಚಿದ್ದೀರಿ, ಇಲ್ಲವೇ ಹಣ್ಣಿನ ಬಟ್ಟಲು ಚೆಲ್ಲಿದೆ. ಮುಖ ತಿಂದು ಕಿವಿ ಬಿಟ್ಟಿದ್ದರೆ ಕಿವಿಯವರೆಗೆ ಹೂರಣ ಹೋಗಿಲ್ಲ, ಬರೀ ಬ್ರೆಡ್ ಮಗುವಿಗೆ ರುಚಿಸಿಲ್ಲ. ನಾಳೆ ಬೆಣ್ಣೆಯನ್ನು ಕಿವಿಯ ತುದಿಯವರೆಗೂ ಸವರಿ.